ಸಣ್ಣ ತಿದ್ದುಪಡಿ

ಕಿಟಕಿಯ ಗಾಜು ಇನ್ನೂ ಕಪ್ಪಾಗಿರುವಾಗಲೇ ದೊಡ್ಡವಳು ಮುಗಿಸುವ ಕೆಲಸಗಳು ಇವು. ನೀರಿನ ಮೋಟಾರು ಹಾಕುವುದು, ಟ್ಯಾಂಕಿನ ಸದ್ದು ಬದಲಾದ ಕೂಡಲೇ ಆರಿಸುವುದು. ನೆನೆಸಿಟ್ಟ ಪಾತ್ರೆ ತಿಕ್ಕುವುದು. ಎರಡು ಪಾತ್ರೆಯಲ್ಲಿ ಹಾಲು ಕಾಯಿಸುವುದು, ಅತ್ತೆಗೆ ಕೆನೆ ತೆಗೆದದ್ದು, ಮಗಳಿಗೆ ಕೆನೆ ಇದ್ದದ್ದು. ಬಟ್ಟೆಯನ್ನು ವಾಷಿಂಗ್ ಮಶೀನಿಗೆ ತುಂಬುವ ಮೊದಲು ಗಂಡನ ಜೇಬು ತಡಕಿ ಸ್ಕ್ರೂ, ನಟ್ಟು ತೆಗೆದಿಡುವುದು. ಅವನು ಲಿಫ್ಟ್ ರಿಪೇರಿ ಮಾಡುವವನು, ಯಾವ ಕಟ್ಟಡದ್ದೋ ಒಂದು ತುಂಡು ದಿನವೂ ಅವನ ಜೊತೆ ಮನೆಗೆ ಬರುತ್ತದೆ. ನಾಲ್ಕು ಡಬ್ಬಿಗೆ ತರಕಾರಿ ಹೆಚ್ಚುವುದು. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ತುಂಬಿ ಟವೆಲಿನಲ್ಲಿ ಸುತ್ತುವುದು. ಮತ್ತೆ ಅತ್ತೆಯ ಫೋನಿನ ಅಕ್ಷರವನ್ನು ದೊಡ್ಡದು ಮಾಡುವುದು. ಸಂಜೆ ಮೊಮ್ಮಗಳು ಅದರಲ್ಲಿ ಆಟವಾಡಲು ಅಕ್ಷರವನ್ನು ಚಿಕ್ಕದು ಮಾಡಿಕೊಳ್ಳುತ್ತಾಳೆ, ವಾಪಸು ಮಾಡುವುದಿಲ್ಲ. ಬೆಳಿಗ್ಗೆ ಅಜ್ಜಿ ಕಣ್ಣು ಬಿಟ್ಟಾಗ ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ಇರಬೇಕು. ಇಲ್ಲದಿದ್ದರೆ, "ನನ್ನ ಫೋನ್ ಕೆಟ್ಟೋಯ್ತು" ಎಂಬ ಕೂಗು ಮೂರನೇ ಮಹಡಿಯವರೆಗೆ ಕೇಳುತ್ತದೆ.

ಇವುಗಳ ನಡುನಡುವೆ, ಹಾಲು ಬಿಸಿಯಾಗುವಷ್ಟರಲ್ಲಿ ಒಮ್ಮೆ, ಮಶೀನು ಮೊದಲ ನೀರು ಹೊರಗೆ ಬಿಡುವಷ್ಟರಲ್ಲಿ ಒಮ್ಮೆ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮೂರು ವೆಬ್ ಪುಟಗಳನ್ನು ಫೋನು, ಟ್ಯಾಬ್, ಕಂಪ್ಯೂಟರು ಎಂದು ಮೂರು ಅಗಲದಲ್ಲಿ ನೋಡುವುದು.

ಈ ಕೊನೆಯದಕ್ಕೆ ಮಾತ್ರ ಅವಳಿಗೆ ಸಂಬಳ ಬರುತ್ತದೆ.

ವೆಬ್ ಪುಟದಲ್ಲಿ ಏನಿರಬೇಕು ಎಂದು ಬೇರೆ ಯಾರೋ ಬರೆಯುತ್ತಾರೆ. ಅದು ಎಲ್ಲಿ ಕೂರಬೇಕು, ಎಷ್ಟು ಅಗಲ ಇರಬೇಕು, ಪಕ್ಕದವರಿಗೆ ಎಷ್ಟು ಜಾಗ ಬಿಡಬೇಕು, ಯಾವ ಬಣ್ಣ ಉಡಬೇಕು ಎಂದು ಹೇಳುವುದು ದೊಡ್ಡವಳ ಕೆಲಸ. ಹಾಗೆ ಹೇಳುವ ಭಾಷೆಗೆ ಸಿಎಸ್‌ಎಸ್ ಎನ್ನುತ್ತಾರೆ. ಅತ್ತೆ ಅದಕ್ಕೆ 'ಪೆಟ್ಟಿಗೆ ಜೋಡಿಸೋ ಕೆಲಸ' ಎಂದು ಹೆಸರಿಟ್ಟಿದ್ದಾರೆ, ಅದು ತಪ್ಪೂ ಅಲ್ಲ. ಆಫೀಸಿನಲ್ಲಿ ದೊಡ್ಡವಳಿಗೆ 'ಎರಡು ಪಿಕ್ಸೆಲ್' ಎಂಬ ಅಡ್ಡಹೆಸರಿದೆ. ಪರದೆಯ ಮೇಲಿನ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. ಒಮ್ಮೆ ಒಂದು ಚಿತ್ರ ಎರಡೇ ಚುಕ್ಕೆ ಎಡಕ್ಕೆ ಸರಿದಿದೆ ಎಂದು ಅವಳು ಇಡೀ ಪುಟವನ್ನು ವಾಪಸು ಕಳಿಸಿದ್ದಳು. ಅಳತೆಪಟ್ಟಿ ಇಟ್ಟು ನೋಡಿದರೆ ಸರಿದೇ ಇತ್ತು.

ಆಫೀಸಿನಲ್ಲಿ ಅವಳಿಗೆ ಅಡ್ಡಹೆಸರಿದೆ, ಕುರ್ಚಿ ಇಲ್ಲ. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಮಗಳಿಗೆ ನಾಲ್ಕು ವರ್ಷ. "ಮನೆ ಬಿಟ್ಟು ಬರೋದು ಈಗ ಕಷ್ಟ ಸರ್, ಇಲ್ಲಿಂದಲೇ ಮಾಡ್ತೀನಿ" ಎಂದು ಅವಳೇ ಮಾಲೀಕರಿಗೆ ಹೇಳಿದ್ದಳು. ಮಗಳಿಗೆ ಈಗ ಹತ್ತು. 'ಈಗ' ಎಂಬ ಆ ಪದ ಮಾತ್ರ ಮುಗಿಯಲೇ ಇಲ್ಲ. ಮನೆಯಲ್ಲಿ ಕೂತು ಮಾಡುವ ಕೆಲಸ ಎಂದು ಎಲ್ಲರೂ ಹೇಳುತ್ತಾರಾದರೂ ಅವಳು ಅದನ್ನು ನಿಂತೇ ಮಾಡುವುದು. ಊಟದ ಮೇಜಿನ ಮೇಲೆ ಯಾವಾಗಲೂ ಯಾರದೋ ತಟ್ಟೆ ಇರುತ್ತದೆ. ಇಸ್ತ್ರಿ ಮೇಜನ್ನು ಬೇಕಾದಷ್ಟು ಎತ್ತರಿಸಬಹುದು, ಒಲೆ ಕಾಣುವ ಹಾಗೆ ತಿರುಗಿಸಬಹುದು. ಆದರೆ ಅದರ ಕೆಳಗೆ ಕಾಲು ತೂರಿಸಿ ಕೂರಲು ಬರುವುದಿಲ್ಲ.

ಚಿಕ್ಕವಳಿಗೆ ಕುರ್ಚಿ ಇದೆ.

ಚಿಕ್ಕವಳು ಎಂದರೆ ಮೈದುನನ ಹೆಂಡತಿ, ದೊಡ್ಡವಳ ಓರಗಿತ್ತಿ. ಇದೇ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಇರುವವಳು. ಮದುವೆಯಾಗಿ ಬಂದ ಹೊಸತರಲ್ಲಿ ಮಧ್ಯಾಹ್ನದ ಹೊತ್ತು ಏನೂ ತೋಚದೆ ಇಸ್ತ್ರಿ ಮೇಜಿನ ಪಕ್ಕ ಬಂದು ನಿಲ್ಲುತ್ತಿದ್ದಳು. "ಅಕ್ಕ, ಇದೇನು ಇಷ್ಟೊಂದು ಬ್ರಾಕೆಟ್ಟು?" ಎಂದು ಕೇಳಿದ್ದೇ ಶುರು. ದೊಡ್ಡವಳಿಗೆ ಅಂದು ಬಹಳ ಖುಷಿಯಾಗಿತ್ತು. ಆ ಮನೆಗೆ ಬಂದ ಮೇಲೆ ಅವಳ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ ಮೊದಲನೆಯವಳು ಇವಳು. ಮೊದಲ ಪಾಠಕ್ಕೆ ಊಟದ ಡಬ್ಬಿಯನ್ನೇ ಎದುರಿಗಿಟ್ಟಳು.

"ನೋಡು, ಒಳಗಿರೋದು ಊಟ. ಊಟಕ್ಕೂ ಡಬ್ಬಿ ಗೋಡೆಗೂ ಮಧ್ಯೆ ಬಿಡೋ ಜಾಗ ಪ್ಯಾಡಿಂಗ್. ಗೋಡೆ ಇದೆಯಲ್ಲ, ಅದು ಬಾರ್ಡರ್. ಚೀಲದಲ್ಲಿ ಈ ಡಬ್ಬಿಗೂ ಪಕ್ಕದ ಡಬ್ಬಿಗೂ ಮಧ್ಯೆ ಇರೋ ಜಾಗ ಮಾರ್ಜಿನ್."

"ಮತ್ತೆ ಸೋರಿದ್ರೆ?"

"ಸೋರಿದ್ರೆ ಓವರ್‌ಫ್ಲೋ. ಅದಕ್ಕೂ ಒಂದು ಸಾಲಿದೆ. ಚೆಲ್ಲಿದ್ದು ಕಾಣದ ಹಾಗೆ ಅಡಗಿಸಿಬಿಡಬಹುದು."

"ಅಯ್ಯೋ, ಇದು ನಮ್ಮನೆ ಕಥೆನೇ ಅಲ್ವಾ ಅಕ್ಕ!" ಎಂದು ಚಿಕ್ಕವಳು ನಕ್ಕಿದ್ದಳು. ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲ ಬರೆದುಕೊಂಡಳು. ಬಟನ್ ಇರುವ ಪಟ್ಟಿಯ ಎತ್ತರ ನಲವತ್ತನಾಲ್ಕು ಪಿಕ್ಸೆಲ್ ಎಂದು ದೊಡ್ಡವಳು ಹೇಳಿದಾಗ ಆ ಸಂಖ್ಯೆಯ ಸುತ್ತ ಎರಡು ಸುತ್ತು ಗೆರೆ ಎಳೆದಳು. "ಅದು ಬೆರಳಿಗೆ ಸರಿಯಾದ ಅಳತೆ. ಕಣ್ಣು ಮುಚ್ಕೊಂಡು ಬರಿ" ಎಂದಿದ್ದಳು ದೊಡ್ಡವಳು.

ಒಂದು ವರ್ಷ ಕಳೆದ ಮೇಲೆ ಮಾಲೀಕರು ಆಫೀಸಿಗೆ ಬರಬಲ್ಲ ಒಬ್ಬರನ್ನು ಹುಡುಕುತ್ತಿದ್ದಾಗ ದೊಡ್ಡವಳೇ ಬಾಯಿಬಿಟ್ಟು ಹೇಳಿದಳು: "ನಮ್ಮನೆ ಹುಡುಗಿನೇ ಇದಾಳೆ ಸರ್, ತುಂಬ ಚುರುಕು." ಹೇಳುವಾಗ ಅವಳಿಗೆ ಹೆಮ್ಮೆ ಇತ್ತು. ಮಾತು ತನ್ನ ಬಾಯಿಂದಲೇ ಹೋಯಿತಲ್ಲ ಎಂದು ಆಮೇಲೆ ಎಷ್ಟೋ ಸಲ ತುಟಿ ಕಚ್ಚಿಕೊಂಡಳು.

ಹೊಟ್ಟೆಕಿಚ್ಚು ಒಂದೇ ದಿನದಲ್ಲಿ ಹತ್ತಿಕೊಂಡದ್ದಲ್ಲ. ಮೊದಲ ವಾರ ಚಿಕ್ಕವಳು ಮನೆಯವರ ಗುಂಪಿಗೆ ತನ್ನ ಜಾಗದ ಫೋಟೋ ಕಳಿಸಿದಳು. ಎಲ್ಲರೂ ಅವಳ ನಗುಮುಖ ನೋಡಿ ಹೆಬ್ಬೆರಳು ಒತ್ತಿದರು. ದೊಡ್ಡವಳು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕುರ್ಚಿ ನೋಡಿದಳು. ಕಪ್ಪು ಕುರ್ಚಿ, ಬೆನ್ನಿಗೆ ಬಲೆಯ ಬಟ್ಟೆ, ಕೈ ಇಡಲು ಜಾಗ, ಕೆಳಗೆ ಐದು ಚಕ್ರ. ಮೇಜಿನ ಮೇಲೆ ಒಂದು ಲೋಟ ಚಹಾ, ಅದರ ಮೇಲೆ ತಟ್ಟೆ ಮುಚ್ಚಿತ್ತು. ಚಹಾ ಆರದಿರಲಿ ಎಂದು ಯಾರೋ ಮುಚ್ಚಿಟ್ಟು ಹೋಗಿದ್ದರು! ದೊಡ್ಡವಳು ಆ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ತನಗಾಗಿ ಯಾರೂ ಯಾವುದನ್ನೂ ಮುಚ್ಚಿಟ್ಟದ್ದು ಅವಳಿಗೆ ನೆನಪಾಗಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಚುಚ್ಚತೊಡಗಿದವು. ಚಿಕ್ಕವಳು ಬೆಳಿಗ್ಗೆ ಎಂಟಕ್ಕೆ, ತಲೆ ಪೂರ್ತಿ ಒಣಗಿಸಿಕೊಂಡು, ಹೊರಡುವುದು. ಸಂಜೆ ಬಂದವಳು ಚೀಲ ಕೆಳಗಿಟ್ಟು "ಉಸ್ಸಪ್ಪಾ" ಎಂದ ಕೂಡಲೇ ಅತ್ತೆ, "ಪಾಪ, ದಣಿದು ಬಂದಿದಾಳೆ, ದೊಡ್ಡೋಳೇ, ಒಂದು ಲೋಟ ಏನಾದ್ರೂ ಕೊಡು" ಎನ್ನುವುದು. ದೊಡ್ಡವಳು ಒಮ್ಮೆ, "ನಾನೂ ಕೆಲಸ ಮಾಡಿದೀನಿ ಅತ್ತೆ, ಬೆಳಿಗ್ಗೆಯಿಂದ" ಎಂದಿದ್ದಕ್ಕೆ ಅತ್ತೆ ಬಹಳ ಪ್ರೀತಿಯಿಂದಲೇ, "ಹೌದಮ್ಮ, ಆದ್ರೆ ನೀನು ಮನೇಲೇ ಇರ್ತೀಯಲ್ಲ" ಎಂದಿದ್ದರು. ಗಂಡನಿಗೆ ಹೇಳಿಕೊಂಡರೆ ಅವನು ಸಾಕ್ಸ್ ಬಿಚ್ಚುತ್ತ, "ಇಬ್ರೂ ಮಾಡೋದು ಒಂದೇ ಕೆಲ್ಸ ತಾನೇ? ಅದರಲ್ಲೇನು ಹೊಟ್ಟೆ ಉರ್ಕೊಳ್ಳೋದು?" ಎಂದ.

"ಒಂದೇ ಕೆಲ್ಸ ಅಲ್ಲ. ಅವಳದು ಒಂದು ಕೆಲ್ಸ. ನಂದು ಎರಡು."

"ಎಣಿಸೋಕೆ ನಿನ್ನ ಬಿಟ್ರೆ ಇಲ್ಲ ನೋಡು" ಎಂದು ಅವನು ನಕ್ಕು, ಸಾಕ್ಸನ್ನು ಬುಟ್ಟಿಯ ಪಕ್ಕಕ್ಕೆ ಎಸೆದ. ಬುಟ್ಟಿಯೊಳಕ್ಕಲ್ಲ.

ಹೊಟ್ಟೆಕಿಚ್ಚು ಮನುಷ್ಯರನ್ನು ಬಲು ಚಿಕ್ಕ ಕೆಲಸಗಳಿಗೆ ಇಳಿಸುತ್ತದೆ. ಮನೆಯ ಡಬ್ಬಿಗಳಲ್ಲಿ ಒಂದರ ಮುಚ್ಚಳ ನಗ್ಗಿದೆ, ಓರೆ ಮಾಡಿದರೆ ಸೋರುತ್ತದೆ. ಅದರ ಸರದಿ ಮೊದಲು ಯಾರಿಗಾದರೂ ಬರುತ್ತಿತ್ತು. ಈಚಿನ ಎರಡು ವಾರಗಳಿಂದ ಅದು ದಿನವೂ ಚಿಕ್ಕವಳ ಚೀಲಕ್ಕೇ ಹೋಗುತ್ತಿತ್ತು. ಚಿಕ್ಕವಳು ಏನೂ ಅನ್ನಲಿಲ್ಲ. ಡಬ್ಬಿಗೆ ಸುತ್ತಲು ಒಂದು ಪ್ಲಾಸ್ಟಿಕ್ ಕವರ್ ಮಾತ್ರ ಕೇಳಿ ತೆಗೆದುಕೊಳ್ಳುತ್ತಿದ್ದಳು. ಏನೂ ಅನ್ನಲಿಲ್ಲ ಎಂಬುದಕ್ಕೂ ದೊಡ್ಡವಳಿಗೆ ಸಿಟ್ಟು ಬಂತು.

ಎರಡು ವಾರಗಳ ಹಿಂದೆ ಆದದ್ದು ಇದು. ಒಂದು ದೊಡ್ಡ ಆಸ್ಪತ್ರೆಯ ಪುಟವನ್ನು ಇವರ ಕಂಪನಿ ಮೊದಲಿಂದಲೂ ನೋಡಿಕೊಳ್ಳುತ್ತಿದೆ. ರೋಗಿಗಳು ಫೋನಿನಲ್ಲೇ ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ಪುಟ. ಆರು ವರ್ಷವೂ ಅದರ ಸಿಎಸ್‌ಎಸ್ ಫೈಲು ದೊಡ್ಡವಳ ಕೈಯಲ್ಲೇ ಇತ್ತು. ಅದನ್ನು ಹೊಸದಾಗಿ, ಚೊಕ್ಕಟವಾಗಿ ಬರೆಯುವ ಕೆಲಸವನ್ನು ಮಾಲೀಕರು ಚಿಕ್ಕವಳಿಗೆ ಕೊಟ್ಟರು. ದೊಡ್ಡವಳಿಗೆ ಅದು ತಿಳಿದದ್ದು ಆಫೀಸಿನ ಗುಂಪಿನಲ್ಲಿ ಬಂದ ಸಂದೇಶದಿಂದ, ಈರುಳ್ಳಿ ಹೆಚ್ಚುತ್ತಿರುವಾಗ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಹೇಳಬೇಕಾಗಲಿಲ್ಲ.

ಆ ಮಧ್ಯಾಹ್ನವೇ ಚಿಕ್ಕವಳು ಆಫೀಸಿನಿಂದ ಫೋನ್ ಮಾಡಿದಳು. "ಅಕ್ಕ, ಹಳೇ ಫೈಲಲ್ಲಿ ಕೊನೆಗೆ ಒಂದು ಸಾಲಿದೆ. ಬಟನ್ ಪಟ್ಟಿಗೆ ಎತ್ತರ ತಾನೇ ತಾನಾಗಿ ಬೆಳೀಲಿ ಅಂತ. ಮೇಲೆ ನೋಡಿದ್ರೆ ನಲವತ್ನಾಲ್ಕು ಅಂತಿದೆ. ಎರಡಕ್ಕೂ ಇಂಪಾರ್ಟೆಂಟ್ ಹಾಕಿದೀರ. ಈ ಕೆಳಗಿನದು ಯಾಕೆ?"

ಒಂದು ಸಾಲಿನ ಕೊನೆಗೆ 'ಇಂಪಾರ್ಟೆಂಟ್' ಎಂದು ಬರೆದರೆ ಆ ಸಾಲು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ, ತನ್ನದೇ ನಡೆಸುತ್ತದೆ. ಅಂಥವು ಎರಡು ಎದುರಾದರೆ ಕೆಳಗೆ ಬರೆದದ್ದು ಗೆಲ್ಲುತ್ತದೆ. ಪುರುಸೊತ್ತು ಇರುವವರು ಅದನ್ನು ಬಳಸುವುದಿಲ್ಲ. ಗಂಟು ಎಲ್ಲಿದೆ ಎಂದು ಹುಡುಕಿ ಬಿಡಿಸುತ್ತಾರೆ. ದೊಡ್ಡವಳಿಗೆ ಸಿಗುತ್ತಿದ್ದುದು ಹನ್ನೆರಡು ನಿಮಿಷ, ಹದಿನೈದು ನಿಮಿಷ. ಹನ್ನೆರಡು ನಿಮಿಷದಲ್ಲಿ ಗಂಟು ಬಿಡಿಸಲು ಆಗುವುದಿಲ್ಲ, ಅದರ ಮೇಲೆ ಇನ್ನೊಂದು ಗಂಟು ಹಾಕಬಹುದು.

ಕೇಳಿದ ಸಾಲು ಯಾಕೆ ಇದೆ ಎಂದು ದೊಡ್ಡವಳಿಗೆ ಅರೆಬರೆ ನೆನಪಿತ್ತು. ಎರಡು ನಿಮಿಷ ಯೋಚಿಸಿದ್ದರೆ ಪೂರ್ತಿ ನೆನಪಾಗುತ್ತಿತ್ತು. ಆದರೆ ಫೋನಿನ ಆ ಕಡೆ ಯಾರೋ ಮೇಜಿನ ಮೇಲೆ ಲೋಟ ಇಟ್ಟ ಸದ್ದು ಕೇಳಿತು. "ಥ್ಯಾಂಕ್ಸ್ ಅಣ್ಣ" ಎಂದಳು ಚಿಕ್ಕವಳು. ಚಹಾ ಬಂದಿತ್ತು.

"ನಂಗೆ ನೆನಪಿಲ್ಲ" ಎಂದಳು ದೊಡ್ಡವಳು. "ಬೇಡ ಅನ್ಸಿದ್ರೆ ತೆಗಿ. ಈಗ ನಿಂದಲ್ವಾ ಫೈಲು."

ಮುಂದಿನ ವಾರ ವಿಡಿಯೋ ಮೀಟಿಂಗ್. ದೊಡ್ಡವಳು ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದಳು, ಹಿಂಬದಿಯ ಬಟ್ಟೆಯ ಗುಡ್ಡೆ ಕಾಣದಂತೆ ಕ್ಯಾಮೆರಾ ಓರೆ ಮಾಡಿದ್ದಳು. ಹೊಸ ಪುಟ ನೋಡಿ ಮಾಲೀಕರು ಹಿಗ್ಗಿಹೋಗಿದ್ದರು.

"ಎರಡು ಪಿಕ್ಸೆಲ್ ಮೇಡಂ, ನಿಮ್ಮ ಹಳೇ ಫೈಲಲ್ಲಿ ಇಪ್ಪತ್ಮೂರು ಇಂಪಾರ್ಟೆಂಟ್ ಇತ್ತಂತೆ! ಎಲ್ಲರೂ ವಿಐಪಿಗಳೇ ಆದ್ರೆ ಕ್ಯೂನಲ್ಲಿ ನಿಲ್ಲೋರು ಯಾರು?"

ಆರು ಚೌಕಗಳಲ್ಲಿ ಆರು ಮುಖಗಳು ನಕ್ಕವು. ಚಿಕ್ಕವಳೂ ನಕ್ಕಳು. "ಇಪ್ಪತ್ತೆರಡು ತೆಗೆದಿದೀನಿ ಸರ್. ಒಂದು ಉಳಿಸ್ಕೊಂಡಿದೀನಿ, ಅಕ್ಕನ ಗುರುತಿಗೆ."

ಅದು ಪ್ರೀತಿಯೋ ಕೊಂಕೋ ಎಂದು ದೊಡ್ಡವಳು ಮೂರು ದಿನ ಆ ಮಾತನ್ನು ಮಗುಚಿ ನೋಡಿದಳು, ಎರಡೂ ಕಡೆ ಒಂದೇ ಥರ ಕಂಡಿತು.

ಮಾಲೀಕರು ಮುಂದುವರಿಸಿದರು. ಶುಕ್ರವಾರ ಹನ್ನೊಂದಕ್ಕೆ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಆಫೀಸಿಗೆ ಬರುತ್ತಾರೆ. ತಮ್ಮದೇ ಫೋನಿನಲ್ಲಿ ಪುಟವನ್ನು ನಡೆಸಿ ನೋಡುತ್ತಾರೆ. ಅವರು ಒಪ್ಪಿದರೆ ಆಸ್ಪತ್ರೆಯ ಉಳಿದ ಪುಟಗಳೂ ನಮಗೇ. ಆಗ ವಿನ್ಯಾಸಕ್ಕೆಂದೇ ಒಬ್ಬ ಮುಖ್ಯಸ್ಥೆ ಬೇಕಾಗುತ್ತದೆ, ಸೋಮವಾರದಿಂದಲೇ, ಆಫೀಸಿನಲ್ಲಿ. "ಯಾರು ಅಂತ ನಾನೇನೂ ಹೇಳಲ್ಲಪ್ಪ" ಎನ್ನುತ್ತ ಅವರು ನೋಡಿದ್ದು ಯಾವ ಚೌಕದ ಕಡೆಗೆ ಎಂದು ಎಲ್ಲರಿಗೂ ತಿಳಿಯಿತು.

ದೊಡ್ಡವಳು ಮೈಕ್ ಆನ್ ಮಾಡಿದಳು. "ಸರ್, ನಾನೂ ಆ ಜಾಗಕ್ಕೆ..." ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತು. ಒಂದಲ್ಲ, ಎರಡು ಸಲ. ಆರು ಚೌಕಗಳೂ ಮುಗುಳ್ನಕ್ಕವು.

"ಮೇಡಂ, ನೀವು ಅಡುಗೆ ಮುಗಿಸ್ಕೊಳ್ಳಿ. ನಿಧಾನಕ್ಕೆ ಮಾತಾಡೋಣ" ಎಂದರು ಮಾಲೀಕರು.

ಆ ನಿಧಾನ ಇನ್ನೂ ಬಂದಿರಲಿಲ್ಲ. ಇವತ್ತು ಶುಕ್ರವಾರ.

ಎಂಟಕ್ಕೆ ಚಿಕ್ಕವಳು ಹೊರಟಳು. ಹೊಸ ಅಂಗಿ, ಒಣಗಿದ ಕೂದಲು. ಬಾಗಿಲ ಹತ್ತಿರ ಚಪ್ಪಲಿ ಹಾಕುತ್ತ, "ಅಕ್ಕ, ಆ ಮುಚ್ಚಳ ಸೋರುತ್ತೆ, ಇವತ್ತೊಂದಿನ ಎರಡು ಕವರ್ ಕೊಡಿ. ಅಂಗಿಗೆ ಆದ್ರೆ ಕಷ್ಟ" ಎಂದಳು. ದೊಡ್ಡವಳು ಎರಡು ಕವರ್ ಕೊಟ್ಟಳು. ಬೇರೆ ಡಬ್ಬಿ ಅಲ್ಲೇ ತೊಳೆದು ಬೋರಲು ಹಾಕಿತ್ತು.

ಒಂಬತ್ತೂವರೆಗೆ ಮನೆ ಖಾಲಿ. ಗಂಡ, ಮೈದುನ, ಮಗಳು ಎಲ್ಲರೂ ಹೋಗಿದ್ದರು. ದೊಡ್ಡವಳು ಅತ್ತೆಯ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಾಗ ಅತ್ತೆ, "ಚಿಕ್ಕೋಳು ಅದೇನೋ ಆಸ್ಪತ್ರೇದು ಮಾಡಿದಾಳಂತಲ್ಲ, ನನ್ನ ಫೋನಲ್ಲಿ ತೆಗೆದುಕೊಡು, ನೋಡೋಣ" ಎಂದರು.

ಆರು ವರ್ಷದಲ್ಲಿ ಒಂದು ದಿನವೂ ಅವರು ದೊಡ್ಡವಳು ಮಾಡಿದ್ದನ್ನು ತೋರಿಸು ಎಂದಿರಲಿಲ್ಲ. ದೊಡ್ಡವಳೇ ಆ ಫೋನಿನಲ್ಲಿ ತೆರೆಯುತ್ತಿದ್ದಳು, ಅದು ಬೇರೆ ಕಾರಣಕ್ಕೆ. ಯಾವ ಪುಟವಾದರೂ ಹೊರಗೆ ಹೋಗುವ ಮೊದಲು ಅದನ್ನು ಅತ್ತೆಯ ಫೋನಿನಲ್ಲಿ, ಆ ಬೋರ್ಡಿನಷ್ಟು ಅಕ್ಷರದಲ್ಲಿ, ಒಮ್ಮೆ ತೆರೆದು ನೋಡುವುದು ಅವಳ ರೂಢಿ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಆಫೀಸಿನ ಪರೀಕ್ಷೆಯ ಪಟ್ಟಿಯಲ್ಲಿ ಅದು ಇರಲೂ ಇಲ್ಲ. ಹೇಗೂ ಬೆಳಿಗ್ಗೆ ಆ ಫೋನು ಕೈಗೆ ಬರುತ್ತಿತ್ತು, ನೋಡುತ್ತಿದ್ದಳು. ಈ ಪುಟವನ್ನು ಮಾತ್ರ ನೋಡಿರಲಿಲ್ಲ. ಅದು ಅವಳದಲ್ಲವಲ್ಲ.

ಪುಟ ತೆರೆದು ಕೊಟ್ಟಳು. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಬಿಳಿಯ ನಡುವೆ ತಿಳಿ ಹಸಿರು, ಡಾಕ್ಟರುಗಳ ಹೆಸರುಗಳು ನೆಟ್ಟಗೆ ಸಾಲಾಗಿ, ಯಾವುದಕ್ಕೂ ಉಸಿರು ಕಟ್ಟದ ಹಾಗೆ ಜಾಗ. ಎರಡು ಪಿಕ್ಸೆಲ್ ಕೂಡ ಆಚೀಚೆ ಇರಲಿಲ್ಲ. ಅವಳು ಹುಡುಕಿದಳು.

ಅತ್ತೆ ಮಂಡಿಯ ಡಾಕ್ಟರನ್ನು ಆರಿಸಿದರು, ದಿನ ಆರಿಸಿದರು, ಕೆಳಗೆ ಒತ್ತಿದರು. ಮತ್ತೆ ಮೊದಲಿಗೆ ಬಂತು. ಮತ್ತೆ ಆರಿಸಿದರು, ಒತ್ತಿದರು. ಮತ್ತೆ ಮೊದಲಿಗೆ.

"ಇದೇನೇ ಇದು, ಬರೀ 'ರದ್ದು' ಅಂತ ಒಂದೇ ಇದೆ? ಬರೋದು ಬೇಡ ಅಂತಿದ್ರೆ ಮೊದಲೇ ಹೇಳ್ಬೇಕಪ್ಪ. ಇಷ್ಟೆಲ್ಲಾ ಕೇಳಿ ಕೊನೆಗೆ ಬಾಗಿಲು ಹಾಕೋದಾ?"

ದೊಡ್ಡವಳು ಬಗ್ಗಿ ನೋಡಿದಳು. ಕೆಳಗಿನ ಪಟ್ಟಿಯಲ್ಲಿ ಎರಡು ಬಟನ್ ಇರಬೇಕಿತ್ತು, 'ರದ್ದು' ಮತ್ತು 'ಸಮಯ ಖಚಿತಪಡಿಸಿ'. ಅಕ್ಷರ ದೊಡ್ಡದಾದ್ದರಿಂದ ಎರಡನೆಯದು ಒಂದೇ ಸಾಲಿನಲ್ಲಿ ಹಿಡಿಯದೆ ಕೆಳಗಿನ ಸಾಲಿಗೆ ಇಳಿದಿತ್ತು. ಪಟ್ಟಿಯ ಎತ್ತರ ಬೆಳೆದಿರಲಿಲ್ಲ. ಕೆಳಗಿಳಿದ ಬಟನ್ ಪೂರ್ತಿ ಕತ್ತರಿಸಿ ಹೋಗಿತ್ತು.

"ಹಳೇದರಲ್ಲಿ ಎರಡೂ ಕಾಣ್ತಿತ್ತು" ಎಂದರು ಅತ್ತೆ, ಫೋನನ್ನು ಅಲ್ಲಾಡಿಸುತ್ತ. "ಮೂರು ವರ್ಷದಿಂದ ಅದನ್ನ ಒತ್ತೇ ತಾನೇ ನಾನು ಹೋಗ್ತಿದ್ದಿದ್ದು? ಅದು ಯಾರು ಮಾಡಿದ್ರೋ ಚೆನ್ನಾಗಿ ಮಾಡಿದ್ರು."

"ನಾನು ಮಾಡಿದ್ದು ಅತ್ತೆ."

"ಹೌದಾ?" ಎಂದರು ಅತ್ತೆ. ಮತ್ತೆ ಟಿವಿ ಹಾಕಿಕೊಂಡರು.

ದೊಡ್ಡವಳು ಸಣ್ಣ ಉರಿಯಲ್ಲಿ ಬೇಳೆ ಇಟ್ಟು ಇಸ್ತ್ರಿ ಮೇಜಿಗೆ ಬಂದಳು. ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ. ಹಿರಿಯ ಡಾಕ್ಟರಮ್ಮ ಹಿಂದೊಮ್ಮೆ ಕರೆಯಲ್ಲಿ ನಗುತ್ತ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು: "ನನ್ನ ಫೋನಲ್ಲಿ ಒಂದು ಪದ ಇಡೀ ಪರದೆ ಹಿಡಿಯುತ್ತೆ ಕಣಮ್ಮ, ಕಣ್ಣು ಹಾಗಾಗಿದೆ." ಇನ್ನು ಐವತ್ತೈದು ನಿಮಿಷದಲ್ಲಿ ಅವರು ಡಾಕ್ಟರನ್ನು ಆರಿಸುತ್ತಾರೆ, ದಿನ ಆರಿಸುತ್ತಾರೆ, ಕೆಳಗೆ ನೋಡುತ್ತಾರೆ. ಮಾಲೀಕರು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಚಿಕ್ಕವಳು ಹೊಸ ಅಂಗಿಯಲ್ಲಿ. ರದ್ದು. ರದ್ದು. ರದ್ದು.

ಅವಳಿಗೆ ಹೊಟ್ಟೆಯೊಳಗೆ ತಣ್ಣಗಾಯಿತು, ಬೇಸಿಗೆಯಲ್ಲಿ ಕಾಲನ್ನು ನೀರಿಗೆ ಇಳಿಬಿಟ್ಟ ಹಾಗೆ.

ಬುಟ್ಟಿಯಿಂದ ಒಂದೊಂದೇ ಬಟ್ಟೆ ತೆಗೆದು ಮಡಚತೊಡಗಿದಳು. ಚಿಕ್ಕವಳ ಅಂಗಿ ಕೈಗೆ ಬಂದಾಗ ತೋಳುಗಳನ್ನು ಹಿಂದಕ್ಕೆ ಮಡಚಿ, ಸುಕ್ಕು ಒತ್ತಿ, ಬೇರೆಯವರದಕ್ಕಿಂತ ಚೆನ್ನಾಗಿಯೇ ಮಡಚಿದಳು. ಸುಮ್ಮನಿದ್ದರೆ ಸಾಕು. ಏನೂ ಮಾಡಬೇಕಿಲ್ಲ. ಅವಳ ಜೀವನದಲ್ಲಿ ಏನೂ ಮಾಡದೆ ಆಗುವ ಮೊದಲ ಕೆಲಸ ಇದೇ ಆಗುತ್ತಿತ್ತು.

ಫೋನು ಟಿಣ್ ಎಂದಿತು. ಚಿಕ್ಕವಳ ಸಂದೇಶ: 'ಅಕ್ಕ, ನೀವು ಒಂದ್ಸಲ ನೋಡಿದ್ರಾ? ಏನಾದ್ರೂ ಇದ್ರೆ ಹೇಳಿ. ಅವರು ಬರೋ ಹೊತ್ತಾಯ್ತು.'

ದೊಡ್ಡವಳು 'ಚೆನ್ನಾಗಿದೆ' ಎಂದು ಬರೆದಳು. ಕಳಿಸಲಿಲ್ಲ. ಅಳಿಸಲೂ ಇಲ್ಲ. ತಪ್ಪಿನ ಗುರುತು ಎಲ್ಲಿದೆ ಎಂದು ಮೊದಲು ಕಣ್ಣಾರೆ ನೋಡಬೇಕು ಅನ್ನಿಸಿತು. ಹೊಸ ಫೈಲು ತೆರೆದಳು.

ಚೊಕ್ಕಟವಾಗಿತ್ತು. ಇಡೀ ಫೈಲಿನಲ್ಲಿ ಇಂಪಾರ್ಟೆಂಟ್ ಇದ್ದದ್ದು ಒಂದೇ ಸಾಲಿನಲ್ಲಿ. ಬಟನ್ ಪಟ್ಟಿ: ಎತ್ತರ ನಲವತ್ತನಾಲ್ಕು ಪಿಕ್ಸೆಲ್. ಅದರ ಕೆಳಗೇ, ಚೆಲ್ಲಿದ್ದನ್ನು ಅಡಗಿಸು ಎಂಬ ಸಾಲು. ಅಕ್ಕನ ಗುರುತು ಅಂದರೆ ಇದು. ನೋಟ್‌ಬುಕ್ಕಿನಲ್ಲಿ ಎರಡು ಸುತ್ತು ಗೆರೆ ಎಳೆದುಕೊಂಡಿದ್ದ ಸಂಖ್ಯೆ.

ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ದಾಖಲೆ ಇರುತ್ತದೆ. ಸಾಲಿನ ಪಕ್ಕ ಚಿಕ್ಕವಳ ಹೆಸರಿತ್ತು. ಹೊಸ ಫೈಲಿಗೆ ಎತ್ತಿ ಇಟ್ಟವಳು ಅವಳಾದ್ದರಿಂದ ದಾಖಲೆಯ ಲೆಕ್ಕದಲ್ಲಿ ಸಾಲು ಅವಳದು. ನಾಳೆ ಯಾರು ಹುಡುಕಿದರೂ ಬೆರಳು ಹೋಗುವುದು ಅವಳ ಕಡೆಗೇ.

ದೊಡ್ಡವಳು ಹಳೆಯ ಫೈಲಿನ ದಾಖಲೆಗೆ ಹೋದಳು. ನಲವತ್ತನಾಲ್ಕರ ಸಾಲು ಆರು ವರ್ಷ ಹಳೆಯದು. ಆಗ ಮಗಳಿಗೆ ಜ್ವರ, ತೊಡೆಯ ಮೇಲೆ ಮಲಗಿದ್ದಳು, ಒಂದೇ ಕೈಯಲ್ಲಿ ಬರೆದದ್ದು. ಮೂರು ವರ್ಷಗಳ ಹಿಂದೆ ಅತ್ತೆ ಅಕ್ಷರ ದೊಡ್ಡದು ಮಾಡಿಸಿಕೊಂಡ ಹೊಸತರಲ್ಲಿ ಇದೇ ರೀತಿ ಬಟನ್ ಕಾಣದೆ ಹೋಗಿತ್ತು. ಅಂದು ಗಂಟು ಬಿಡಿಸಲು ಹೊತ್ತಿರಲಿಲ್ಲ, ಕೊನೆಯಲ್ಲಿ ಇನ್ನೊಂದು ಗಂಟು ಹಾಕಿದ್ದಳು: ಎತ್ತರ ತಾನಾಗಿ ಬೆಳೆಯಲಿ, ಇಂಪಾರ್ಟೆಂಟ್. ಚಿಕ್ಕವಳು ಫೋನ್ ಮಾಡಿ ಕೇಳಿದ್ದು ಆ ಸಾಲನ್ನೇ.

ಪ್ರತಿ ಬದಲಾವಣೆಯ ಜೊತೆ ಒಂದು ಷರಾ ಬರೆಯಬೇಕು, ಏನು ಮಾಡಿದೆ, ಯಾಕೆ ಮಾಡಿದೆ ಎಂದು. ಮುಂದೆ ನೋಡುವವರಿಗೆ ತಿಳಿಯಲಿ ಎಂದೇ ಅದು ಇರುವುದು. ಮೂರು ವರ್ಷದ ಹಿಂದಿನ ಆ ಷರಾ ನೋಡಿದಳು. 'ಸಣ್ಣ ತಿದ್ದುಪಡಿ.'

ಮೇಲಕ್ಕೆ ಸರಿಸಿದಳು. ಸಣ್ಣ ತಿದ್ದುಪಡಿ. ಸಣ್ಣ ತಿದ್ದುಪಡಿ. ಕುರುಡರಿಗೆ ಪುಟ ಓದಿ ಹೇಳುವ ಯಂತ್ರಕ್ಕೆ ದಾರಿ ಮಾಡಿಕೊಟ್ಟ ದಿನ, ಸಣ್ಣ ತಿದ್ದುಪಡಿ. ಹಳೆಯ ಫೋನುಗಳಲ್ಲಿ ಮೂರು ದಿನ ಮುರಿದು ಬಿದ್ದಿದ್ದ ಸಾಲುಗಳನ್ನು ನಿಲ್ಲಿಸಿದ ದಿನ, ಸಣ್ಣ ತಿದ್ದುಪಡಿ. ಆರು ವರ್ಷ, ನಾನೂರಕ್ಕೂ ಹೆಚ್ಚು ಸಲ, ಬೆರಳಿಗೆ ಬಂದದ್ದು ಆ ಎರಡೇ ಪದ. ಒಲೆಯ ಮೇಲೆ ಏನೋ ಇರುತ್ತಿತ್ತು, ಬರೆದು ಓಡುತ್ತಿದ್ದಳು. ಮನೆಯಲ್ಲೂ ಅಷ್ಟೇ ತಾನೇ. 'ಏನು ಮಾಡ್ತಿದ್ದೆ ಬೆಳಿಗ್ಗೆಯಿಂದ?' ಎಂದರೆ 'ಏನಿಲ್ಲ, ಹೀಗೇ' ಎನ್ನುತ್ತಿದ್ದವಳು ಅವಳೇ.

ಚಿಕ್ಕವಳಿಗೆ ತಿಳಿಯಲು ಯಾವ ದಾರಿಯೂ ಇರಲಿಲ್ಲ. ಇದ್ದ ಒಂದೇ ದಾರಿ ಅಕ್ಕನನ್ನು ಕೇಳುವುದು. ಕೇಳಿದ್ದಳು.

ಹತ್ತು ಗಂಟೆ ಇಪ್ಪತ್ತೆಂಟು ನಿಮಿಷ. ಬದಲಾವಣೆ ಪುಟಕ್ಕೆ ಇಳಿಯಲು ಹತ್ತು ನಿಮಿಷ ಬೇಕು.

ದೊಡ್ಡವಳು ಸಾಲಿಗೆ ಕೈ ಹಾಕಿದಳು. ಇಂಪಾರ್ಟೆಂಟ್ ತೆಗೆದಳು. ಕಡಿಮೆಯೆಂದರೆ ನಲವತ್ತನಾಲ್ಕು ಇರಲಿ, ಬೇಕಾದರೆ ಬೆಳೆಯಲಿ ಎಂದು ತಿದ್ದಿದಳು. ಚೆಲ್ಲಿದ್ದನ್ನು ಅಡಗಿಸುವ ಸಾಲನ್ನು ಅಳಿಸಿದಳು. ಗಂಟು ಬಿಚ್ಚಿಕೊಂಡಿತು. ಮೂರು ನಿಮಿಷವೂ ಹಿಡಿಯಲಿಲ್ಲ.

ಷರಾದ ಖಾಲಿ ಪೆಟ್ಟಿಗೆ ತೆರೆದುಕೊಂಡಿತು, ಒಳಗೆ ಗೆರೆಯೊಂದು ಮಿಣುಕುತ್ತಿತ್ತು. ಇಲ್ಲಿ ಬರೆದದ್ದು ಕೂಡಲೇ ಆಫೀಸಿನ ಗುಂಪಿಗೆ ಹೋಗುತ್ತದೆ. ಮಾಲೀಕರು ಓದುತ್ತಾರೆ, ಎಲ್ಲರೂ ಓದುತ್ತಾರೆ.

ಬೆರಳು ತಾನಾಗಿ 'ಸಣ್ಣ ತಿದ್ದು' ಎಂದು ಬರೆದಿತ್ತು. ನೋಡಿದಳು. ಇದನ್ನು ಕಳಿಸಿದರೆ ಡಾಕ್ಟರಮ್ಮ ಒಪ್ಪುತ್ತಾರೆ, ಚಿಕ್ಕವಳು ಆ ಕುರ್ಚಿಯಲ್ಲೇ ಇನ್ನಷ್ಟು ಒರಗಿ ಕೂರುತ್ತಾಳೆ, ಹನ್ನೊಂದಕ್ಕೆ ಮೊದಲು ಮನೆಯಲ್ಲಿ ಯಾರು ಏನು ಮಾಡಿದರು ಎಂದು ಯಾರಿಗೂ ತಿಳಿಯುವುದಿಲ್ಲ. ಅಳಿಸಿದಳು.

'ಹೊಸ ಫೈಲಿನಲ್ಲಿ ದೊಡ್ಡ ತಪ್ಪು ಇತ್ತು. ಸರಿಪಡಿಸಿದ್ದೇನೆ.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ದಾಖಲೆಯಲ್ಲಿ ಸಾಲಿನ ಪಕ್ಕ ಯಾರ ಹೆಸರಿದೆ ಎಂದು ಮಾಲೀಕರು ನೋಡಿಕೊಳ್ಳುತ್ತಾರೆ. ಸೋಮವಾರದ ಕುರ್ಚಿ ಇತ್ತ ಉರುಳಿ ಬಂದರೂ ಬಂದೀತು, ಐದೂ ಚಕ್ರದ ಮೇಲೆ. ಅವಳು ಆ ಎರಡು ವಾಕ್ಯಗಳನ್ನು ಎರಡು ಸಲ ಓದಿದಳು. ಬೆರಳನ್ನು ಎಂಟರ್ ಮೇಲೆ ಇಟ್ಟಳು.

ಆಗ ಅವಳಿಗೆ ಬಂದದ್ದು ಕರುಣೆಯಲ್ಲ. ಆ ಸಾಲಿನ ಪಕ್ಕದ ಹೆಸರು ಕಣ್ಣಿಗೆ ಬಿತ್ತು, ಮತ್ತು ಹೊಟ್ಟೆಯ ಕಿಚ್ಚು ಭುಗ್ಗೆಂದಿತು. ಕುರ್ಚಿ ಚಿಕ್ಕವಳದು. ಮುಚ್ಚಿಟ್ಟ ಚಹಾ ಅವಳದು. ದಣಿವು ಕೂಡ ಅವಳದೇ. ಅತ್ತೆಯ 'ಪಾಪ' ಎಂಬ ಮಾತೆಲ್ಲ ಅವಳ ಪಾಲಿಗೆ. ಆರು ವರ್ಷದ ಫೈಲು ಅವಳ ಹೆಸರಿಗೆ ಹೋಯಿತು. ಜ್ವರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಬರೆದ ಸಾಲು ಇದು, ತಪ್ಪೇ ಇರಬಹುದು, ಇದನ್ನೂ ಅವಳ ಹೆಸರಿಗೆ ಬರೆದು ಕೊಡಬೇಕೆ? ಕೊಡುವುದಿಲ್ಲ. ಇಷ್ಟಾದರೂ ತನ್ನದು.

ಅಳಿಸಿದಳು. ಆರು ವರ್ಷದಲ್ಲಿ ಮೊದಲ ಸಲ ಷರಾ ಬರೆಯಲು ಕೂತುಕೊಳ್ಳಬೇಕು ಅನ್ನಿಸಿತು. ಲ್ಯಾಪ್‌ಟಾಪನ್ನು ಊಟದ ಮೇಜಿಗೆ ಒಯ್ದಳು, ಯಾರದೋ ತಟ್ಟೆಯನ್ನು ಮೊಣಕೈಯಲ್ಲಿ ಪಕ್ಕಕ್ಕೆ ದೂಡಿದಳು, ಕುರ್ಚಿ ಎಳೆದು ಕೂತಳು. ನಿಧಾನವಾಗಿ ಬರೆದಳು:

'ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಖಚಿತಪಡಿಸುವ ಬಟನ್ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ನಲವತ್ತನಾಲ್ಕರ ಸಾಲು ಆರು ವರ್ಷದ ಹಿಂದೆ ನಾನು ಬರೆದದ್ದು. ಅದನ್ನು ಸರಿದೂಗಿಸಲು ಮೂರು ವರ್ಷದ ಹಿಂದೆ ಇನ್ನೊಂದು ಸಾಲು ಬರೆದೆ, ಯಾಕೆ ಎಂದು ಷರಾ ಬರೆಯಲಿಲ್ಲ, ಕೇಳಿದಾಗ ಹೇಳಲೂ ಇಲ್ಲ. ಪ್ರತಿ ಪುಟವನ್ನೂ ಮೂರು ವರ್ಷದಿಂದ ನಾನು ದೊಡ್ಡ ಅಕ್ಷರದಲ್ಲಿ ತೆರೆದು ಪರೀಕ್ಷಿಸುತ್ತಿದ್ದೇನೆ. ಅದು ನಮ್ಮ ಪಟ್ಟಿಯಲ್ಲಿಲ್ಲ, ಸೇರಿಸಬೇಕು. ಸೋಮವಾರದ ಜಾಗಕ್ಕೆ ನಾನೂ ಇದ್ದೇನೆ.'

ಕೊನೆಯಲ್ಲಿ ತನ್ನ ಹೆಸರು ಹಾಕಿದಳು. ಅಡ್ಡಹೆಸರಲ್ಲ.

ಒಳಗಿನಿಂದ ಅತ್ತೆ, "ದೊಡ್ಡೋಳೇ, ಒಲೆ ಮೇಲೆ ಏನೋ ಸೀದ ವಾಸನೆ ಬರ್ತಿದೆಯಲ್ಲೇ!" ಎಂದರು.

ಬರುತ್ತಿತ್ತು. ದೊಡ್ಡವಳು ಬರೆದದ್ದನ್ನು ಮೊದಲಿಂದ ಇನ್ನೊಮ್ಮೆ ಓದಿದಳು. ಎರಡು ಪದಗಳ ನಡುವೆ ಬಿಟ್ಟುಹೋಗಿದ್ದ ಜಾಗ ಸರಿಮಾಡಿದಳು. ಎಂಟರ್ ಒತ್ತಿದಳು. ಆಮೇಲೆ ಎದ್ದಳು.